ಲೇತಿನ ಪಕ್ಕ ನಿಂತ ಬೆಂಝ್

ನಮ್ಮ ಶೆಡ್ಡಿಗೆ ಮೊದಲ ಬೆಂಝ್ ಬಂದದ್ದು 1999ರ ಮಳೆಗಾಲದಲ್ಲಿ. ಬೆಂಗಳೂರಿನ ಪೀಣ್ಯ 2ನೇ ಹಂತದಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡ ಟರ್ನಿಂಗ್ ಶಾಪು ನಮ್ಮದು. ಪಕ್ಕದ ಖಾಲಿ ಜಾಗದಲ್ಲಿ, ನಾವೆಲ್ಲ ಉಸ್ತಾದ್ ಅನ್ನುತ್ತಿದ್ದ ಮೆಕ್ಯಾನಿಕ್, ಅಂಬಾಸಿಡರ್, ಟೆಂಪೊ ರಿಪೇರಿ ಮಾಡುತ್ತಿದ್ದರು. ಬಂದ ಕಾರು ಎದುರು ಬೀದಿಯ ಪ್ಲೇಟಿಂಗ್ ಕಾರ್ಖಾನೆ ಮಾಲೀಕರದು. 1995ರಿಂದ ಪುಣೆಯಲ್ಲಿ ಜೋಡಿಸಲು ಶುರು ಮಾಡಿದ್ದ ಇ-ಕ್ಲಾಸ್, ಅದೂ ಸೆಕೆಂಡ್ ಹ್ಯಾಂಡ್. ಲೋಯರ್ ಆರ್ಮಿನ ಬುಷ್ ಹರಿದು ಮುಂದಿನ ಚಕ್ರ ಕಟಕಟ ಅನ್ನುತ್ತಿತ್ತು. ಹೊಸದರ ಬೆಲೆ ವಿಚಾರಿಸಿಕೊಂಡು ಬಂದ ಮಾಲೀಕರು, “ಹಿಡಿಯಷ್ಟು ರಬ್ಬರಿಗೆ ಅಷ್ಟು ದುಡ್ಡಾ? ನೀವೇ ಏನಾದ್ರೂ ಮಾಡ್ರಪ್ಪ” ಅಂದರು.

ಮಾಡಿದೆ. ಗಟ್ಟಿ ನೈಲಾನ್ ರಾಡು ಕಚ್ಚಿಸಿ, ನೂಲೆಳೆಯಷ್ಟೂ ತಪ್ಪದಂತೆ ಬುಷ್ ಕಡೆದು ಕೂರಿಸಿದೆ. ನನ್ನ ಕೈಚಳಕದ ಮೇಲೆ ಆಗ ನನಗೆ ಬಹಳ ಅಭಿಮಾನ. ನಾಲ್ಕನೇ ದಿನ ಮಾಲೀಕರು ವಾಪಸ್ ಬಂದು, “ರಸ್ತೆಯ ಒಂದೊಂದು ಗುಂಡಿಯೂ ನನ್ನ ಹಲ್ಲಿಗೆ ತಾಗ್ತಿದೆ” ಅಂದರು. ಉಸ್ತಾದ್ ಬುಷ್ ಕಿತ್ತು ನನ್ನ ಕೈಗಿಟ್ಟು, “ಅದು ಬಗ್ಗಲಿ ಅಂತಲೇ ರಬ್ಬರು ಹಾಕಿರೋದು ಕಣೋ” ಅಂದರು. ಆಮೇಲೆ ಎರಡು ಬೀದಿ ಆಚೆಯ ರಬ್ಬರ್ ಮೋಲ್ಡಿಂಗ್‌ನವರಿಗೆ ಹಳೆಯದನ್ನು ತೋರಿಸಿ, ಅಷ್ಟೇ ಮೆದುವಾದ ರಬ್ಬರು ಹುಯ್ಯಿಸಿದೆವು. ಅದರ ಹೊರಗಿನ ಕಬ್ಬಿಣದ ತೋಳು (ಸ್ಲೀವ್) ನಾನು ಕಡೆದದ್ದು. ಅದು ವರ್ಷಗಟ್ಟಲೆ ಬಾಳಿತು.

ಆಗಿನ ಪೀಣ್ಯವೇ ಹಾಗಿತ್ತು. ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ. ಅಲ್ಲಿ ಸಿಗದ್ದಕ್ಕೆ ಜೆ.ಸಿ. ರಸ್ತೆ, ಅಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿ.

2007ರಲ್ಲಿ ಬಿಎಂಡಬ್ಲ್ಯು ಚೆನ್ನೈ ಬಳಿ ಕಾರು ಜೋಡಿಸಲು ಶುರು ಮಾಡಿತು. 2010ರಲ್ಲಿ ತುಮಕೂರು ರಸ್ತೆಗೂ ಎಲೆಕ್ಟ್ರಾನಿಕ್ ಸಿಟಿಗೂ ಮೇಲ್ಸೇತುವೆ ಬಂದವು. ಎರಡು ಮೂರು ವರ್ಷದಲ್ಲಿ ನಮ್ಮ ಗಿರಾಕಿಗಳೇ ಬದಲಾದರು. ಕಾರ್ಖಾನೆ ಮಾಲೀಕರ ಜಾಗಕ್ಕೆ ವೈಟ್‌ಫೀಲ್ಡಿನ ಐಟಿ ಹುಡುಗರು ಬಂದರು. ಐದಾರು ವರ್ಷ ಓಡಿದ ಮೂರು ಲೀಟರಿನ ಸೆಡಾನು, ಹೊಸ ಸಾಧಾರಣ ಕಾರಿನ ದುಡ್ಡಿಗೆ ಸಿಗುತ್ತಿತ್ತು. “ಕಾರಿನ ರೇಟು ಇಳೀತದೆ ಸಾರ್, ಸ್ಪೇರಿನ ರೇಟು ಇಳಿಯಲ್ಲ” ಎಂದು ಉಸ್ತಾದ್ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಕೇಳಿಸಿಕೊಂಡವರು ಕಡಿಮೆ.

ಅವರೆಲ್ಲ ಮೀಟರು ನೋಡಿ ಕಾರು ಕೊಳ್ಳುತ್ತಿದ್ದರು. “ಬರೀ ಅರವತ್ತು ಸಾವಿರ ಓಡಿದೆ!” ಉಸ್ತಾದ್ ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ ಸರಾಸರಿ ವೇಗ ತೋರಿಸುತ್ತಿದ್ದರು: ಗಂಟೆಗೆ 15 ಕಿಲೋಮೀಟರ್. ಲೆಕ್ಕ ನನ್ನದು. ಅರವತ್ತು ಸಾವಿರವನ್ನು ಹದಿನೈದರಿಂದ ಭಾಗಿಸಿದರೆ ನಾಲ್ಕು ಸಾವಿರ ಗಂಟೆ. ಗಂಟೆಗೆ ಅರವತ್ತರಂತೆ ಹೆದ್ದಾರಿಯಲ್ಲಿ ಅಷ್ಟು ಹೊತ್ತು ಓಡಿದ್ದರೆ ಎರಡು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಆಗುತ್ತಿತ್ತು. ಮಾರತಹಳ್ಳಿ ಸೇತುವೆ ಮೇಲೆ ಎಸಿ ಹಾಕಿಕೊಂಡು ನಿಂತ ಕಾರಿನ ಮೀಟರು ತಿರುಗುವುದಿಲ್ಲ, ಆದರೆ ಎಣ್ಣೆ ಕಾಯುತ್ತಲೇ ಇರುತ್ತದೆ. ಪುಸ್ತಕದಲ್ಲಿ ಹದಿನೈದು ಸಾವಿರಕ್ಕೆ ಎಂದಿದ್ದರೂ ನಾವು ಏಳೂವರೆ ಸಾವಿರಕ್ಕೇ ಎಂಜಿನ್ ಆಯಿಲ್ ಬದಲಾಯಿಸುತ್ತಿದ್ದದ್ದು ಇದಕ್ಕೇ. ದುಡ್ಡು ಕೀಳುತ್ತಾರೆ ಅಂದುಕೊಂಡವರೂ ಇದ್ದರು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು ಇನ್ನೊಂದು ಕಥೆ. ಎಷ್ಟೋ ಕಾರುಗಳ ಪುಸ್ತಕದಲ್ಲಿ ಅದರ ಎಣ್ಣೆ ಜೀವಮಾನಪೂರ್ತಿ ಸಾಕು ಅಂತಿರುತ್ತದೆ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತದೆ. ಯಾರ ಜೀವಮಾನ ಎಂದು ಆ ಪುಸ್ತಕ ಬರೆದವರನ್ನು ಕೇಳಬೇಕು. ಆ ಕಂಪನಿಯ ಆರು ಗೇರಿನದರಲ್ಲಿ ಅಳತೆ ಕಡ್ಡಿ ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಒಳಗಿನ ಎಣ್ಣೆ 30ರಿಂದ 50 ಡಿಗ್ರಿಯೊಳಗಿರುವಾಗ, ತುಂಬುವ ತೂತಿನಿಂದ ತೊಟ್ಟಿಕ್ಕಿದರೆ ಮಟ್ಟ ಸರಿ. ಆ ಡಿಗ್ರಿ ನೋಡಲು ಲ್ಯಾಪ್‌ಟಾಪ್ ಬೇಕು. ಕಾರಿಗೆ ಕಿವಿಕೊಟ್ಟು ರೋಗ ಹೇಳುತ್ತಿದ್ದ ಉಸ್ತಾದ್ ಸ್ಕ್ಯಾನರ್ ಕೊಂಡದ್ದು ಈ ಕೆಲಸಕ್ಕೇ. ಅದನ್ನು ಓದಲು ಡಿಪ್ಲೊಮಾ ಮುಗಿಸಿದ ಮಗಳನ್ನು ಕೂರಿಸಿಕೊಂಡರು. ಇತ್ತ ನನ್ನ ಲೇತಿಗೆ ಕೆಲಸ ಕಡಿಮೆಯಾಗತೊಡಗಿತು. ಬುಷ್ ಈಗ ಆರ್ಡರ್ ಮಾಡಿದರೆ ಡಬ್ಬದಲ್ಲಿ ಬರುತ್ತದೆ.

ಕೂಲೆಂಟಿನ ಜಗಳ ಮಾತ್ರ ಬದಲಾಗಲಿಲ್ಲ. ಡ್ರೈವರುಗಳು ಬೋರ್‌ವೆಲ್ ನೀರು ತುಂಬಿಬಿಡುತ್ತಾರೆ. ನಮ್ಮ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆ, ಬಿಸಿಗೆ ಪೆಡಸಾದ ಪ್ಲಾಸ್ಟಿಕ್ ಟ್ಯಾಂಕು ಒಂದು ದಿನ ಬಿರಿಯುತ್ತದೆ, ನೀರು ಸೋರಿ ಎಂಜಿನ್ ಕಾದು ಹೆಡ್ಡಿಗೇ ಪೆಟ್ಟು ಬೀಳುತ್ತದೆ. ಹೆಡ್ಡು ಬಿಚ್ಚುವ ಖರ್ಚೆಲ್ಲಿ, ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರಿನ ಬೆಲೆಯೆಲ್ಲಿ!

2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ನಮ್ಮ ಜಾಗದಲ್ಲಿ ಕಾಲಿಡಲು ತೆರಪಿರಲಿಲ್ಲ. ನೀರಲ್ಲಿ ನಿಂತ ಕಾರಿನ ಬ್ಯಾಟರಿ ಬಿಚ್ಚಿ, ಸ್ಟಾರ್ಟ್ ಮಾಡದೆ ಎತ್ತಿಸಿಕೊಂಡು ಬಂದವರದು ವೈರಿಂಗ್, ಸೀಟು, ಎಣ್ಣೆಯ ಖರ್ಚಿನಲ್ಲಿ ಮುಗಿಯಿತು. ಒಬ್ಬ ಹುಡುಗ, “ಒಂದೇ ಸಲ ಬಟನ್ ಒತ್ತಿದೆ ಅಂಕಲ್” ಅಂದ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ಸಿಕ್ಕಿಕೊಂಡ ನೀರಿಗೆ ಡಿಕ್ಕಿ ಹೊಡೆದು ಅವನ ಕಾರಿನ ಎರಡು ಕನೆಕ್ಟಿಂಗ್ ರಾಡು ಕೊಕ್ಕೆಯಾಗಿದ್ದವು. ಒಂದನ್ನು ನನ್ನ ಮೇಜಿನ ಮೇಲಿಟ್ಟುಕೊಂಡಿದ್ದೇನೆ, ಬಂದವರಿಗೆಲ್ಲ ತೋರಿಸಲು.

20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸಬಹುದು, ಹಾಗಾಗಿ ಅದಕ್ಕೆಂದು ಮಾಡಿರದ ಹಳೆಯ ಕಾರುಗಳು ಬಂದರೆ ಮೊದಲು ಪೆಟ್ರೋಲ್ ಹೋಸು ಬಗ್ಗಿಸಿ ಬಿರುಕು ನೋಡುತ್ತೇವೆ.

ಆ ಮೊದಲ ಬೆಂಝ್ ಈಗ ಪ್ಲೇಟಿಂಗ್ ಮಾಲೀಕರ ಮೊಮ್ಮಗನ ಕೈಯಲ್ಲಿದೆ. ಹೋದ ತಿಂಗಳು ಬಂದಿತ್ತು. ಲೋಯರ್ ಆರ್ಮು ಬಿಚ್ಚಿದ ಉಸ್ತಾದ್ ಮಗಳು, “ಅಂಕಲ್, ಈ ತೋಳಿಗೆ ಪಾರ್ಟ್ ನಂಬರೇ ಇಲ್ಲ” ಎಂದು ನನಗೆ ಕೂಗಿ ಹೇಳಿದಳು. ತುಕ್ಕು ಉಜ್ಜಿ ಅಳತೆ ಹಿಡಿದು ನೋಡಿದೆ, ಇನ್ನೂ ಸರಿಯಾಗಿತ್ತು. ರಬ್ಬರು ಮಾತ್ರ ಹೊಸದು ಹಾಕಿದೆವು.