ಕಂಬಳಿಯ ಮೇಲೆ ಮಿಂಚ

ಕೊಪ್ಪಳ, 1 ಡಿಸೆಂಬರ್ 2024, ರವಿವಾರ

ನಮ್ಮ ಮುಧೋಳ ನಾಯಿ ಮಿಂಚನಿಗೆ ಈಗ ಹತ್ತು ತಿಂಗಳು. ಹಿಂಗಾಲ ಮೇಲೆ ಎದ್ದು ನಿಂತರೆ ಮೂತಿ ನನ್ನ ಗದ್ದಕ್ಕೆ ತಾಕುತ್ತದೆ. ಬಾಗಿಲ ಚಿಲಕದ ಸಪ್ಪಳವಾದರೆ ಸಾಕು, ಪಡಸಾಲೆಯಿಂದ ಒಂದೇ ನೆಗೆತ. ಹಾಲಿನವ, ಪಕ್ಕದ ಮನೆಯ ಹುಡುಗರು, ಪೇಪರ್ ಹಾಕುವವ, ಯಾರ ಎದೆಯನ್ನೂ ಬಿಟ್ಟಿಲ್ಲ.

ನಿನ್ನೆ ಅತ್ತಿಯ ಮೇಲೆ ಹಾರಿದ. ಅವರು ಗೋಡೆ ಹಿಡಿದು ನಿಂತುಕೊಂಡರು, ಬೀಳಲಿಲ್ಲ. ಆದರೆ ಮುಂಗೈ ಮೇಲೆ ಉಗುರಿನ ಗೆರೆ ಮೂಡಿತು. ರಕ್ತ ಬರದಿದ್ದರೂ ಸೋಪು ಹಚ್ಚಿ ನಳದ ನೀರಿನಡಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಿಂಚನಿಗೆ ರೇಬೀಸ್ ಲಸಿಕೆ ಆಗಿದೆ, ನಿಜ. ಹಾಗೆಂದು ಇದು ಮನೆಯಲ್ಲೇ ತೀರ್ಮಾನ ಮಾಡುವ ಮಾತಲ್ಲ. ಮೊದಲ ಸೂಜಿ ಆಯಿತು. ಉಳಿದವು 3, 7 ಮತ್ತು 28ನೇ ದಿನ.

ಅತ್ತಿ ಇವತ್ತು ಅಡಿಗೆಮನೆ ಬಿಟ್ಟು ಹೊರಗೆ ಬಂದಿಲ್ಲ. "ಅದನ್ನ ಕಟ್ಟಿ ಹಾಕವ್ವಾ, ನನಗ ಜೀವ ಅಂಜತೈತಿ" ಅಂದರು. ಜನವರಿ 15ಕ್ಕೆ ಗವಿಮಠದ ತೇರು. ಯಲಬುರ್ಗಾದಿಂದ, ಕುಷ್ಟಗಿಯಿಂದ ಬೀಗರೆಲ್ಲ ಬರುತ್ತಾರೆ. ತಮ್ಮದೇ ಮನೆಯಲ್ಲಿ ಹಿರಿಯರು ಅಂಜಿಕೊಂಡು ಇರುವುದು ನನಗೆ ಸಹಿಸಲಾಗದು. ಸರಪಳಿಯೂ ನನಗೆ ಒಪ್ಪಿಗೆಯಿಲ್ಲ. ಕಟ್ಟಿದ ನಾಯಿ ಬರುವವರನ್ನು ನೋಡುತ್ತ ಎಟುಕದೆ ಇನ್ನಷ್ಟು ಕುದಿಯುತ್ತದೆ, ಬಿಟ್ಟ ಕೂಡಲೇ ಎರಡರಷ್ಟು ಹಾರುತ್ತದೆ.

4 ಡಿಸೆಂಬರ್, ಬುಧವಾರ

ಯಾಕೆ ಹಾರುತ್ತಾನೆ ಎಂದು ಮಗ ಕೇಳಿದ. ಗಂಗಾವತಿ ಹತ್ತಿರದ ಬಂಕಾಪುರದ ತೋಳಧಾಮವನ್ನು ನೆನಪಿಸಿದೆ. ಬೇಟೆಯಿಂದ ಮರಳಿದ ದೊಡ್ಡ ತೋಳಗಳ ಬಾಯನ್ನು ಮರಿಗಳು ಎಗರಿ ಎಗರಿ ನೆಕ್ಕುತ್ತವೆ. ಆಗ ದೊಡ್ಡವು ಹೊಟ್ಟೆಯಲ್ಲಿ ತಂದ ಮಾಂಸವನ್ನು ಕಕ್ಕಿ ಉಣಿಸುತ್ತವೆ. ನಾಯಿಗಳಲ್ಲಿ ಬಾಯಿ ನೆಕ್ಕುವ ಆ ಅಭ್ಯಾಸ ಪ್ರೀತಿಯ ಸ್ವಾಗತವಾಗಿ ಉಳಿದುಕೊಂಡಿದೆ. ನಮ್ಮ ಬಾಯಿ ಇರುವುದು ಮೇಲೆ, ಹಾಗಾಗಿ ಮಿಂಚ ಹಾರುತ್ತಾನೆ. ಅವನಲ್ಲಿ ಸೊಕ್ಕೂ ಇಲ್ಲ, ಯಜಮಾನಿಕೆಯ ಹಟವೂ ಇಲ್ಲ. ಇದು ತಿಳಿದ ಮೇಲೆ ಅವನನ್ನು ಹೊಡೆಯಲು ಕೈ ಹೇಗೆ ಏಳುತ್ತದೆ?

ಮನೆಯವರೆಲ್ಲ ಕೂತು ಮಾತಾಡಿದೆವು. ಅವನು ಹಾರಿದರೆ ಯಾರೂ ಕೈಯಿಂದ ತಳ್ಳಬಾರದು. ಅವನಿಗೆ ಅದು ಆಟ. ಬೈಯಬಾರದು, ಬೈಗುಳವೂ ಅವನ ಲೆಕ್ಕದಲ್ಲಿ ಮಾತಾಡಿಸಿದಂತೆಯೇ. ಕೈ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುವುದು. ನಾಲ್ಕೂ ಕಾಲು ನೆಲಕ್ಕೆ ಬಂದ ಆ ಕ್ಷಣವೇ ಬೇಯಿಸಿದ ಮೊಟ್ಟೆಯ ಒಂದು ಚೂರು, ಅದೂ ನೆಲದ ಹತ್ತಿರ ಕೈ ಇಟ್ಟು. ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟರೆಂಬುದು ಅವನಿಗೆ ತಿಳಿಯುವುದಿಲ್ಲ. ಯಜಮಾನರು ಆಫೀಸಿನಿಂದ ಬಂದಾಗ "ಬಾರಲೇ ಮಗನ" ಎಂದು ತೋಳು ಚಾಚುವುದನ್ನೂ ಬಿಡಬೇಕು. ಒಬ್ಬರು ಅಪ್ಪಿಕೊಂಡು ಇನ್ನೊಬ್ಬರು ಬೈದರೆ ಆ ಪ್ರಾಣಿ ಏನೆಂದು ಕಲಿಯಬೇಕು?

8 ಡಿಸೆಂಬರ್, ರವಿವಾರ

ಕುಷ್ಟಗಿಯ ಮಾವ ಬಂದಿದ್ದರು. "ಮೊಣಕಾಲಿಲೆ ಎದಿಗಿ ಒಂದು ಕೊಡು, ಮತ್ತೊಮ್ಮೆ ಹಾರಂಗಿಲ್ಲ" ಅಂದರು. ಹಿರಿಯರು, ನಾಯಿ ಸಾಕಿದವರು. ಆದರೂ "ಬ್ಯಾಡ್ರಿ ಮಾವ" ಎಂದೆ. ಮುಧೋಳದ ನಾಯಿಗೆ ಎದೆ ಆಳ, ಮೈ ಸಪೂರ, ಚರ್ಮ ತೆಳು. ಪೆಟ್ಟು ಒಳಗೆ ತಾಕುತ್ತದೆ. ಸ್ವಭಾವವೂ ಸೂಕ್ಷ್ಮ. ಪೆಟ್ಟು ತಿಂದು ಹಾರುವುದನ್ನು ಬಿಡಬಹುದು, ಆದರೆ ಮನೆಗೆ ಬರುವವರೆಂದರೆ ನೋವು ಎಂದು ಕಲಿತುಬಿಟ್ಟರೆ ಮುಂದೆ ಗುರುಗುಟ್ಟುತ್ತದೆ. ಹಾರುವ ನಾಯಿಗಿಂತ ಅಂಜಿ ಕಚ್ಚುವ ನಾಯಿ ದೊಡ್ಡ ಗಂಡಾಂತರ.

ಮಾವ ವಾದಕ್ಕೆ ಇಳಿಯಲಿಲ್ಲ. "ಮಿಲಿಟ್ರಿಗಿ ಹೋಗೋ ಜಾತಿ ಇದು, ನೀ ಮೊಟ್ಟಿ ತಿನ್ನಿಸಿ ಕಲಿಸ್ತಿ" ಎಂದು ನಕ್ಕರು. ಮುಧೋಳ ಹತ್ತಿರದ ತಿಮ್ಮಾಪುರದ ಕೇಂದ್ರದಿಂದ 2016ರಲ್ಲಿ ಮರಿಗಳು ಮೀರತ್‌ಗೆ, ಸೇನೆಯ ತರಬೇತಿಗೆ ಹೋದದ್ದು ಈ ಕಡೆ ಎಲ್ಲರಿಗೂ ಗೊತ್ತು, ಹೆಮ್ಮೆಯೂ ಹೌದು.

12 ಡಿಸೆಂಬರ್, ಗುರುವಾರ

ಮೊದಲಿಗಿಂತ ಜಾಸ್ತಿ ಹಾರುತ್ತಿದ್ದಾನೆ. ಬೊಗಳುತ್ತಾನೆ, ಸೀರೆ ಸೆರಗು ಎಳೆಯುತ್ತಾನೆ. ಇಷ್ಟು ದಿನ ಫಲ ಕೊಟ್ಟ ಉಪಾಯ ಇದ್ದಕ್ಕಿದ್ದಂತೆ ಫಲಿಸದೆ ಹೋದರೆ ಪ್ರಾಣಿ ಅದನ್ನು ಬಿಡುವ ಮೊದಲು ಸಾಮಾನ್ಯವಾಗಿ ಇನ್ನಷ್ಟು ಜೋರಾಗಿ ಯತ್ನಿಸುತ್ತದೆ. ಈ ಹೊತ್ತಿನಲ್ಲಿ ಸೋತು ಮುದ್ದು ಮಾಡಿದರೆ, ಜೋರು ಮಾಡಿದರೆ ಸಿಗುತ್ತದೆಂಬ ಪಾಠವಾಗುತ್ತದೆ. ಯಜಮಾನರಿಗೆ ಇದನ್ನೇ ಹೇಳಿ ಹೇಳಿ ಸಾಕಾಯಿತು. ಅತ್ತಿ ಬಡಿಗೆ ಹಿಡಿದೇ ಓಡಾಡುತ್ತಾರೆ. ಅವರಿದ್ದಾಗ ಅವನ ಹಗ್ಗ ನನ್ನ ಕೈಯಲ್ಲೇ ಇರಲಿ ಎಂದುಕೊಂಡಿದ್ದೇನೆ.

19 ಡಿಸೆಂಬರ್, ಗುರುವಾರ

ಹಾರಬೇಡ ಎಂದಷ್ಟೇ ಕಲಿಸಿದರೆ ಸಾಲದು. ಜನ ಬಂದಾಗ ಅವನು ಏನು ಮಾಡಬೇಕು ಎಂಬುದಕ್ಕೂ ಒಂದು ಉತ್ತರ ಬೇಕು. ಮಾವ ಕುಷ್ಟಗಿಯಿಂದ ಕರಿ ಕಂಬಳಿ ಕಳಿಸಿದ್ದರು, ಕುರುಬರು ನೇಯ್ದದ್ದು. ಪಡಸಾಲೆಯ ಮೂಲೆಯಲ್ಲಿ, ಬಾಗಿಲು ಕಾಣುವಂತೆ ಹಾಸಿದೆ. ಕೂದಲು ಕಡಿಮೆಯಿರುವ ಈ ತಳಿಗೆ ಚಳಿ ಬೇಗ ಹತ್ತುತ್ತದೆ, ಹಾಗಾಗಿ ಕಂಬಳಿಯನ್ನು ತಾನೇ ಹುಡುಕಿಕೊಂಡು ಹೋಗಿ ಮಲಗಿದ. ಕಾಲಿಟ್ಟರೆ ಒಂದು ಚೂರು, ಮಲಗಿದರೆ ಇನ್ನೊಂದು. ಆಮೇಲೆ ಮಗ ಹೊರಗಿನಿಂದ ಚಿಲಕ ಸಪ್ಪಳ ಮಾಡುವುದು, ನಾನು "ಕಂಬಳಿ" ಎನ್ನುವುದು. ಮೊದಮೊದಲು ಬಾಗಿಲು ತೆರೆಯಲೇ ಇಲ್ಲ, ಬರೀ ಸಪ್ಪಳ. ಈಗ ಬೆರಳಷ್ಟು ತೆರೆಯುತ್ತೇವೆ. ಅವನು ಎದ್ದರೆ ಬಾಗಿಲು ಮುಚ್ಚುತ್ತದೆ, ಮಲಗಿದ್ದರೆ ಮಗ ಒಳಗೆ ಬರುತ್ತಾನೆ.

ಬೆಳಗಿನ ಓಟವನ್ನೂ ಹೆಚ್ಚಿಸಿದ್ದೇವೆ. ಓಡಲೆಂದೇ ಬೆಳೆಸಿದ ಬೇಟೆ ತಳಿಯನ್ನು ದಿನವಿಡೀ ಪಡಸಾಲೆಯಲ್ಲಿಟ್ಟು ಶಾಂತವಾಗಿರು ಎಂದರೆ ಅನ್ಯಾಯ. ಓಟವಾದ ಮೇಲೆ ಬೇಲಿಯ ಬುಡ ಮೂಸಲು ಬಿಡುತ್ತೇನೆ. ಹತ್ತು ನಿಮಿಷ ಮೂಸಿದರೆ ಕಣ್ಣಿನ ಹುರುಪೇ ಇಳಿಯುತ್ತದೆ. ಊಟ ಮಾತ್ರ ಓಟವಾಗಿ ಸಾಕಷ್ಟು ಹೊತ್ತಾದ ಮೇಲೆ. ಎದೆ ಆಳವಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ.

28 ಡಿಸೆಂಬರ್, ಶನಿವಾರ

ಅತ್ತಿಯ ಕೊನೆಯ ಸೂಜಿ ಮುಗಿಯಿತು.

30 ಡಿಸೆಂಬರ್, ಸೋಮವಾರ, ಎಳ್ಳಮಾಸಿ

ಯಲಬುರ್ಗಾದ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಎರಿ ಹೊಲದಲ್ಲಿ ಜೋಳ ಎದೆಯುದ್ದ ನಿಂತಿದೆ. ಮಿಂಚನನ್ನು ಉದ್ದ ಹಗ್ಗದಲ್ಲಿ ಬಿಟ್ಟಿದ್ದೆ.

ಪಕ್ಕದ ಹೊಲದಲ್ಲಿ ಕುರಿ ತರುಬಿದ್ದರು. ಕುರಿಗಾರರ ನಾಯಿಗಳು ನಮ್ಮನ್ನು ನೋಡಿ ಎದ್ದು ನಿಂತವು, ಎರಡು ಸಲ ಬೊಗಳಿ ಸುಮ್ಮನಾದವು. ಒಂದೂ ಮೈಮೇಲೆ ಬರಲಿಲ್ಲ. ಹೇಗೆ ಎಂದು ಕುರಿಗಾರ ಅಜ್ಜನನ್ನು ಕೇಳಿದೆ. "ಮರಿ ಇದ್ದಾಗಿಂದ ಕುರಿ ನಡಕ ಬೆಳೀತಾವ್ರಿ ಅಕ್ಕಾರ. ನಾವು ಎತ್ತಿ ಆಡಸಂಗಿಲ್ಲ. ಮಂದಿ ಬಂದ್ರ ಅವಕ್ಕ ಕೆಲಸ ಇರತೈತಿ, ಕುರಿ ಕಾಯೂದು" ಅಂದ. ನಾನು ಕಂಬಳಿಯಿಂದ ಕಲಿಸುತ್ತಿರುವುದನ್ನು ಅವನು ಹುಟ್ಟಿನಿಂದಲೇ ಕಲಿಸಿದ್ದಾನೆ. ಮಿಂಚನನ್ನು ನೋಡಿ ಕೈ ಚಾಚಲೇ ಇಲ್ಲ, ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತ. ಮಿಂಚ ಅವನ ಹೆಗಲ ಕಂಬಳಿಯನ್ನು ಮೂಸಿ ಮೂಸಿ ಪಕ್ಕದಲ್ಲೇ ಮಲಗಿದ. ಅತ್ತಿ ಬನ್ನಿಗಿಡದ ಕೆಳಗಿಂದ ಇದನ್ನೆಲ್ಲ ನೋಡುತ್ತಿದ್ದರು.

14 ಜನವರಿ 2025, ಮಂಗಳವಾರ, ಸಂಕ್ರಾಂತಿ

ಬೀಗರು ಬರತೊಡಗಿದ್ದಾರೆ. ಗವಿಮಠದ ದಾಸೋಹಕ್ಕೆ ಕೊಡುವ ಜೋಳದ ರೊಟ್ಟಿಯ ಬುತ್ತಿಗಳು ಪಡಸಾಲೆ ತುಂಬ. ಬಾಗಿಲಲ್ಲಿ ಮಗನನ್ನು ನಿಲ್ಲಿಸಿದ್ದೆ: "ಒಳಗ ಬರ್ರಿ, ನಾಯಿ ಮಾತಾಡಿಸಬ್ಯಾಡ್ರಿ, ಅದು ಸುಮ್ಮನಾದ ಮ್ಯಾಲ ಮುಟ್ಟ್ರಿ." ದೊಡ್ಡವರಿಗೇ ಇದು ಕಷ್ಟವಾಯಿತು. ಮಿಂಚ ಕಂಬಳಿಯ ಮೇಲೆ ನಡುಗುತ್ತ ಮಲಗಿದ್ದ, ಬಾಲ ಮಾತ್ರ ಗೋಡೆಗೆ ಬಡಿಯುತ್ತಿತ್ತು. ಎರಡು ಸಲ ಎದ್ದ, ಎರಡೂ ಸಲ ತಾನೇ ಮರಳಿದ. ನನಗೆ ಕಣ್ಣು ತುಂಬಿ ಬಂತು.

16 ಜನವರಿ, ಗುರುವಾರ

ನಿನ್ನೆ ತೇರು. ಆ ಜನಸಾಗರಕ್ಕೆ, ಸದ್ದಿಗೆ ಅವನನ್ನು ಒಯ್ಯುವ ಮಾತೇ ಇರಲಿಲ್ಲ. ಹಿತ್ತಲ ಕೋಣೆಯಲ್ಲಿ ಮೂಳೆ ಕೊಟ್ಟು ಬಿಟ್ಟಿದ್ದೆ, ಯಜಮಾನರು ಜೊತೆಗಿದ್ದರು.

ಇವತ್ತು ಹೊರಡುವಾಗ ಬೀಗರ ಸಣ್ಣ ಹುಡುಗ ಮಂಡಕ್ಕಿ ಚೀಲ ಮೇಲೆತ್ತಿದ, ಮಿಂಚ ಹಾರಿಯೇಬಿಟ್ಟ. ನಾನು ಓಡಿ ಬರುವಷ್ಟರಲ್ಲಿ ಅತ್ತಿ, "ಕೈ ಇಳಿಸೋ ತಮ್ಮಾ, ಗ್ವಾಡಿಗಿ ಮುಖ ಮಾಡು" ಎಂದು ಕಟ್ಟೆಯ ಮೇಲಿಂದಲೇ ಕೂಗಿದರು. ಮಿಂಚ ಇಳಿದ. ಹುಡುಗನಿಗೆ ಗೀರೂ ಇಲ್ಲ. ಅತ್ತಿಯ ಕೈಯಲ್ಲಿ ಬಡಿಗೆಯೂ ಇರಲಿಲ್ಲ.

ಬೀದಿಯ ಮಾತು ಇನ್ನೂ ಬಾಕಿ ಇದೆ, ಅಲ್ಲಿ ಕಂಬಳಿ ಇರುವುದಿಲ್ಲ. ಎದುರಿಗೆ ಜನ ಬಂದಾಗ ಕೂರುವುದನ್ನು ಕಲಿಸಬೇಕು. ಮೊದಲು ನಮ್ಮ ಓಣಿಯಲ್ಲಿ, ಜನ ಕಡಿಮೆ ಇರುವ ಹೊತ್ತಲ್ಲಿ. ಬಸ್ ಸ್ಟ್ಯಾಂಡ್ ಕಡೆ ಈಗಲೇ ಬೇಡ. ಮೊಟ್ಟೆ ಖಾಲಿಯಾಗಿವೆ, ಬೆಳಿಗ್ಗೆ ತರಬೇಕು.