ವಿದ್ಯಾಲಯದ ಪಂಕ್ತಿಭೇದ



ಕೆಲವು ತಿಂಗಳ ಹಿಂದೆ ಮದ್ದೂರಿನ ಕಾಲೇಜೊಂದರ ಸಮಾರಂಭಕ್ಕೆ ನಮ್ಮನ್ನು ಬರಮಾಡಿಕೊಂಡಿದ್ದರು. ಶರಣರ ಸಮತಾತತ್ತ್ವವನ್ನು ಕುರಿತು ನಾವು ಒಂದು ಗಂಟೆಯ ಕಾಲ ಮಾತನಾಡಿದೆವು, ಕರತಾಡನವೂ ಆಯಿತು. ಸಭೆ ಮುಗಿದು ಹೊರಡುವಾಗ ವಿದ್ಯಾರ್ಥಿನಿಯೊಬ್ಬಳು ಮುಂದೆ ಬಂದು, “ಬುದ್ಧಿ, ಇಲ್ಲಿ ನಮ್ಮ ಹೆಸರು ಕೇಳುವುದಕ್ಕೂ ಮೊದಲು ‘ನೀವು ಯಾವ ಜನ?’ ಅಂತ ಕೇಳುತ್ತಾರೆ. ಏನು ಹೇಳಬೇಕು?” ಎಂದಳು. ಅಷ್ಟು ಹೊತ್ತು ಮಾತನಾಡಿದ ನಮಗೆ ಆ ಒಂದು ಪ್ರಶ್ನೆಗೆ ಒಡನೆ ಉತ್ತರ ತೋಚಲಿಲ್ಲ. ಅದಕ್ಕೆ ಕಾರಣ ನಮ್ಮ ಜೀವನದಲ್ಲಿಯೇ ಇದೆ. ಅದನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಸುಮಾರು 35 ವರ್ಷಗಳ ಹಿಂದಿನ ಮಾತು. ಸಂಸ್ಕೃತ ಪಾಠಶಾಲೆಯ ಅಧ್ಯಯನವನ್ನು ಮುಗಿಸಿ, ಪದವಿ ವ್ಯಾಸಂಗಕ್ಕಾಗಿ ನಾವು ಮಂಡ್ಯಕ್ಕೆ ಬಂದಿದ್ದೆವು. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ, ಪರಿಶಿಷ್ಟ ಜಾತಿಗೆ ಸೇರಿದ ಸಹಪಾಠಿಯೊಬ್ಬರು ನಮಗೆ ಆತ್ಮೀಯರಾದರು. ತರ್ಕದಲ್ಲಿ ಅವರು ನಮಗಿಂತ ಚುರುಕು. ವ್ಯಾಕರಣದಲ್ಲಿ ನಾವು ಅವರಿಗೆ ನೆರವು. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ ಇರುವುದೆಂದು ನಿಶ್ಚಯಿಸಿ ಮನೆಯೊಂದನ್ನು ನೋಡಲು ಹೋದೆವು. ಮನೆಯ ಯಜಮಾನರು ಅದೇ ಪ್ರಶ್ನೆಯನ್ನು ಕೇಳಿದರು. ಉತ್ತರವನ್ನು ಕೇಳಿದ ಮೇಲೆ ನಮ್ಮ ಕಡೆ ತಿರುಗಿ, “ಸ್ವಾಮಿ, ನೀವು ಇರಬಹುದು. ಅವರಿಗೆ ಆಗುವುದಿಲ್ಲ” ಎಂದರು. ನಾವು ಏನೂ ಹೇಳಲಿಲ್ಲ. ಮರುದಿನ ನಮ್ಮ ಟ್ರಂಕನ್ನು ತಂದು ಆ ಕೋಣೆಯಲ್ಲಿಟ್ಟೆವು.

ಆ ಮಿತ್ರರು ತಮ್ಮ ಹಳ್ಳಿಯಿಂದಲೇ ದಿನನಿತ್ಯ ಬಸ್ಸಿನಲ್ಲಿ ಓಡಾಡತೊಡಗಿದರು. ಬೆಳಗಿನ ಮೊದಲ ತರಗತಿ ತಪ್ಪುತ್ತಿತ್ತು. ವರ್ಷಾಂತ್ಯಕ್ಕೆ ಹಾಜರಿ ಸಾಲದೆ ಪರೀಕ್ಷೆಗೆ ಕುಳಿತುಕೊಳ್ಳಲಾಗಲಿಲ್ಲ. ಮತ್ತೆ ಅವರು ಕಾಲೇಜಿಗೆ ಬರಲೇ ಇಲ್ಲ. ಹಾಜರಿಯ ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಕಾಲೇಜು ಅವರನ್ನು ಜಾತಿಯ ಕಾರಣದಿಂದ ಹೊರಗಿಟ್ಟಿತೆಂದು ಯಾವ ಕಡತದಲ್ಲಿಯೂ ದಾಖಲೆ ಸಿಗದು. ಆದರೆ ಅವರು ಹೊರಗಾದದ್ದು ಜಾತಿಯ ಕಾರಣದಿಂದಲೇ, ಮತ್ತು ನಮ್ಮ ಮೌನದಿಂದ.

ವಿದ್ಯಾಲಯಗಳಲ್ಲಿ ಅಸಮಾನತೆಯು ನಿಯಮಾವಳಿಯ ಮೂಲಕ ಪ್ರವೇಶಿಸುವುದಿಲ್ಲ. ಬಾಡಿಗೆಯ ಕೋಣೆ, ಕುಡಿಯುವ ನೀರು, ಊಟದ ಪಂಕ್ತಿ ಇವುಗಳ ಮೂಲಕ ಪ್ರವೇಶಿಸುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಡಾ. ಅಂಬೇಡ್ಕರ್ ಅವರು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನ ಪ್ರಾಧ್ಯಾಪಕರಾದಾಗ, ಅವರು ಅದೇ ಹೂಜಿಯ ನೀರನ್ನು ಕುಡಿಯುವುದಕ್ಕೆ ಸಹೋದ್ಯೋಗಿಗಳೇ ಆಕ್ಷೇಪಿಸಿದರು. ಅದೇ ಅಮೆರಿಕದ ಲಿಟ್ಲ್‌ರಾಕ್ ಪಟ್ಟಣದಲ್ಲಿ 1957ರಲ್ಲಿ 9 ಮಂದಿ ಕಪ್ಪು ವರ್ಣದ ವಿದ್ಯಾರ್ಥಿಗಳು ಶಾಲೆಯ ಬಾಗಿಲನ್ನು ದಾಟಲು ಸೈನಿಕರ ಕಾವಲು ಬೇಕಾಯಿತು. ಕಾವಲಿನವರು ಬಾಗಿಲನ್ನು ದಾಟಿಸಬಲ್ಲರು. ಪಕ್ಕದಲ್ಲಿ ಕುಳಿತವರಿಂದ ಸ್ನೇಹದ ಮಾತನ್ನು ಆಡಿಸಲಾರರು. 2007ರಲ್ಲಿ ಥೋರಟ್ ಸಮಿತಿಯು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇಂತಹ ಭೇದವನ್ನು ಕಂಡು ವರದಿ ಮಾಡಿತು. ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ಸಮಾನ ಅವಕಾಶ ಘಟಕವಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ವಿಧಿಸಿತು. ಅದಾದ ಮೇಲೆಯೂ 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಎಂಬ ಸಂಶೋಧನ ವಿದ್ಯಾರ್ಥಿಯ ಸಾವನ್ನು ನಾಡು ನೋಡಬೇಕಾಯಿತು.

ನಮ್ಮ ಮಠಗಳೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣದ ಶರಣರು ತೆತ್ತ ಬೆಲೆಯನ್ನು ನಾವು ಪ್ರತಿ ಬಸವ ಜಯಂತಿಯಂದು ಸ್ಮರಿಸುತ್ತೇವೆ. ಸಿದ್ಧಗಂಗೆಯಂತಹ ಕ್ಷೇತ್ರಗಳು ಜಾತಿಯನ್ನು ಕೇಳದೆ ಎಲ್ಲ ಮಕ್ಕಳಿಗೂ ಅನ್ನವನ್ನಿಕ್ಕಿದುವು. ಆದರೆ ಆಯಾ ಜನಾಂಗಕ್ಕೆಂದೇ ಮೀಸಲಾದ ವಿದ್ಯಾರ್ಥಿನಿಲಯಗಳೂ ಊರೂರಿನಲ್ಲಿ ಬೆಳೆದುವು. ಬಡ ಮಕ್ಕಳಿಗೆ ಬೇರೆ ಆಸರೆಯಿಲ್ಲದ ಕಾಲದಲ್ಲಿ ಅವು ಮಹದುಪಕಾರವನ್ನು ಮಾಡಿದುವೆಂಬುದು ನಿಜ. ಆದರೂ ಪ್ರೌಢಶಾಲೆಯಿಂದ ಎಂ.ಎ. ತನಕ ಸ್ವಜಾತಿಯವರೊಡನೆ ಮಾತ್ರ ಉಂಡು ಮಲಗಿದ ಯುವಕನು ಪರರ ನೋವನ್ನು ಎಲ್ಲಿ ಕಲಿತಾನು? ಆ ನಿಲಯಗಳ ಬಾಗಿಲುಗಳನ್ನು ಸರ್ವರಿಗೂ ತೆರೆಯುವ ಕಾಲ ಎಂದೋ ಬಂದಿದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಉತ್ಪಾದನೆಯಾಯಿತು. ಅದು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ, ಪಕ್ಕದ ಕೇರಿಗಳಿಗಲ್ಲ. ನಮ್ಮ ಉನ್ನತ ಶಿಕ್ಷಣವೂ ಹಾಗೆಯೇ ಆಗಿದೆ. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜಸತ್ಯಾಗ್ರಹವನ್ನು ನಡೆಸಿದ ಸೀಮೆ ಇದು. ಸರ್ಕಾರದ ನಿಷೇಧವನ್ನು ಎದುರಿಸಿದ ಜನಕ್ಕೆ ನೆರೆಮನೆಯವರ ಅನಿಷ್ಟ ಪದ್ಧತಿಯನ್ನು ಎದುರಿಸುವ ಧೈರ್ಯ ಬಾರದೇಕೆ?

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ವಿದ್ಯಾರ್ಥಿನಿಲಯದ ಕೋಣೆಗಳನ್ನು ಚೀಟಿ ಎತ್ತಿ ಹಂಚಲಿ. ಹೊರಗೆ ಕೋಣೆ ಸಿಗದ ವಿದ್ಯಾರ್ಥಿಯ ಪರವಾಗಿ ಪ್ರಾಂಶುಪಾಲರೇ ಹೋಗಿ ಮಾತನಾಡಲಿ. ವಿದ್ಯಾರ್ಥಿವೇತನ ತಡವಾದವರ ಹೆಸರುಗಳನ್ನು ತರಗತಿಯಲ್ಲಿ ಕೂಗುವುದು ನಿಲ್ಲಲಿ. ದೂರನ್ನು ಕೇಳುವ ಅಧಿಕಾರಿ ಯಾರೆಂಬುದು ಪ್ರತಿ ವಿದ್ಯಾರ್ಥಿಗೂ ತಿಳಿದಿರಲಿ. ಆದರೆ ಇವೆಲ್ಲವೂ ಗಾಯವಾಗದಂತೆ ತಡೆಯುವ ಉಪಾಯಗಳು. ಆಗಿರುವ ಗಾಯ ಮಾಯಬೇಕಾದರೆ ತಪ್ಪು ಮಾಡಿದವನು ತಾನಾಗಿಯೇ ಹೋಗಿ ಒಪ್ಪಿಕೊಳ್ಳಬೇಕು.

ಮದ್ದೂರಿನ ಆ ಪ್ರಶ್ನೆಯ ತರುವಾಯ ನಾವು ಮಳವಳ್ಳಿಯ ಕಡೆ ಹೋಗಿ ಹಳೆಯ ಮಿತ್ರರ ಮನೆಯನ್ನು ವಿಚಾರಿಸಿಕೊಂಡು ಹೊಕ್ಕೆವು. ಅವರು ಈಗ ರೇಷ್ಮೆ ಬೆಳೆಗಾರರು. ಅವರ ಮನೆಯಲ್ಲಿ ಪ್ರಸಾದವನ್ನು ಸ್ವೀಕರಿಸಿ, ಅಂದಿನ ನಮ್ಮ ಮೌನಕ್ಕಾಗಿ ಕ್ಷಮೆ ಬೇಡಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ರೂಮು ಸಿಗಲಿಲ್ಲ ಅಂತ ನನಗೆ ಬೇಜಾರಿರಲಿಲ್ಲ, ಬುದ್ಧಿ. ಅವತ್ತು ನೀವು ಒಂದು ಮಾತು ಆಡಿದ್ದರೆ ಸಾಕಾಗಿತ್ತು” ಎಂದರು. ಬೀಳ್ಕೊಡುವಾಗ, “ನನ್ನ ಮಗಳು ಈಗ ಮಂಡ್ಯದಲ್ಲಿ ಓದುತ್ತಿದ್ದಾಳೆ” ಎಂದಷ್ಟೇ ಹೇಳಿದರು.

ವಾಚಕರೇ, ಮದ್ದೂರಿನ ಆ ಹೆಣ್ಣುಮಗಳಿಗೆ ಹೇಳಬೇಕಾದ ಉತ್ತರ ಈಗ ನಮಗೆ ದೊರೆತಿದೆ. ಆ ಪ್ರಶ್ನೆಗೆ ಉತ್ತರಿಸಬೇಕಾದವಳು ಅವಳಲ್ಲ. ಅವಳ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡವರು ಉತ್ತರಿಸಬೇಕು. ನಿಮ್ಮ ಮನೆಯಲ್ಲಿ ಬಾಡಿಗೆಗೆ ಕೋಣೆಯಿದ್ದರೆ ಆ ಪ್ರಶ್ನೆಯನ್ನು ಕೇಳಬೇಡಿರಿ. ನಿಮ್ಮ ಮಕ್ಕಳು ಕಾಲೇಜಿಗೆ ಹೊರಟಿದ್ದರೆ, ಅಂತಹ ಸಮಯದಲ್ಲಿ ಸುಮ್ಮನಿರಬಾರದೆಂದು ತಿಳಿಯಹೇಳಿರಿ. ನಾವು ಆಡದೆ ಉಳಿಸಿದ ಮಾತನ್ನು ಅವರಾದರೂ ಆಡಲಿ.