ನಮ್ಮ ಮನೆಯ ಗಾಜಿನ ಕೊಳ

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿಬಂದವರು ವಹ್ನಿಪುಷ್ಕರಿಣಿಯ ಮೀನುಗಳನ್ನು ನೋಡಿಯೇ ಇರುತ್ತಾರೆ. ಕಾವೇರಿಯ ಆ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಯಾತ್ರಿಕರು ಎಸೆಯುವ ಪುರಿಗಾಗಿ ಅವು ಮುಗಿಬೀಳುತ್ತವೆ. ಹೋದ ವರ್ಷ ಅದನ್ನು ಕಂಡ ನಮ್ಮ ಎಂಟು ವರ್ಷದ ಮಗಳು, ದಂಡಿಗನಹಳ್ಳಿಗೆ ಹಿಂದಿರುಗುವ ದಾರಿಯುದ್ದಕ್ಕೂ ಒಂದೇ ಹಟ ಹಿಡಿದಳು: ಮನೆಯಲ್ಲಿಯೂ ಮೀನು ಸಾಕಬೇಕು. ಮಗುವಿನ ಹಟಕ್ಕೆ ತಂದೆಯ ಗುಪ್ತವಾದ ಆಸೆಯೂ ಬೆಂಬಲವಾಗಿ ನಿಂತರೆ ಬೇಡವೆನ್ನುವವರು ಯಾರು?

ಚನ್ನರಾಯಪಟ್ಟಣದಿಂದ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದೆವು. ಅದಕ್ಕೆ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಎಂದರೆ ನೀರಿನ ಭಾರವೇ 56 ಕಿಲೋಗ್ರಾಂ. ಮೊದಲು ಮರದ ಮೇಜಿನ ಮೇಲಿಟ್ಟು, ಅದು ಕಿರುಗುಟ್ಟಿದ ಮೇಲೆ ಬುದ್ಧಿ ಬಂದು ಕಲ್ಲಿನ ಜಗಲಿಗೆ ಸಾಗಿಸಿದೆವು. ಮರಳನ್ನು ತೊಳೆದು ಹಾಸಿ, ಕೊಳವೆ ಬಾವಿಯ ನೀರು ತುಂಬಿ, ಅದೇ ಸಂಜೆ ಆರು ಹೊಂಬಣ್ಣದ ಮೀನುಗಳನ್ನು ಬಿಟ್ಟೆವು. ನೀರು ಸ್ಫಟಿಕದಂತಿತ್ತು. ನೆರೆಹೊರೆಯವರು ಬಂದು ನೋಡಿ ಮೆಚ್ಚಿಹೋದರು.

ಮೂರನೆಯ ದಿನ ನೀರು ಮಜ್ಜಿಗೆಯ ತಿಳಿಯಂತಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿವೆಂದು ತಿಳಿದು ಮಗಳು ಮತ್ತಷ್ಟು ಆಹಾರ ಹಾಕಿದಳು. ಎರಡು ಸತ್ತವು. ನಾವು ಗಾಬರಿಗೊಂಡು, ಕೊಳೆಯೇ ಕಾರಣವೆಂದು ನಿಶ್ಚಯಿಸಿ, ನೀರನ್ನೆಲ್ಲ ಚೆಲ್ಲಿ, ಮರಳನ್ನು ಕುದಿಯುವ ನೀರಿನಲ್ಲಿ ತೊಳೆದು, ಹೊಸ ನೀರು ತುಂಬಿದೆವು. ವಾರದೊಳಗಾಗಿ ಉಳಿದ ನಾಲ್ಕೂ ಹೋದವು. ದಾಸವಾಳದ ಬುಡದಲ್ಲಿ ಅವನ್ನು ಹೂಳುವಾಗ ಮಗಳು ಕೇಳಿದಳು: “ಅಪ್ಪಾ, ನಾವೇ ಕೊಂದೆವೇ?” ನಮ್ಮ ತಾಯಿಯವರು ಒಳಗಿನಿಂದಲೇ, “ಪ್ರಾಣವಿರುವ ವಸ್ತು ಕಣಪ್ಪಾ, ಕೇಳಿ ತಿಳಿದು ತರಬೇಕಾಗಿತ್ತು,” ಎಂದರು. ಇಬ್ಬರಿಗೂ ಉತ್ತರ ಹೇಳಲಾಗಲಿಲ್ಲ.

ಜೀವಶಾಸ್ತ್ರ ಬಲ್ಲ ಮಿತ್ರರೊಬ್ಬರು ಹೇಳಿದಾಗ ವಿಷಯ ತಿಳಿಯಿತು. ಮೀನಿನ ವಿಸರ್ಜನೆಯಿಂದಲೂ ಮಿಕ್ಕ ಆಹಾರ ಕೊಳೆಯುವುದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟಾಗಿಯೂ, ಬೇರೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟು ಬಹುಮಟ್ಟಿಗೆ ಸಾಧು. ಈ ಸೂಕ್ಷ್ಮಾಣುಗಳು ಮರಳಿನಲ್ಲಿಯೂ ಸೋಸುಕದಲ್ಲಿಯೂ ನೆಲೆಸಿ ಬೆಳೆಯಲು ನಾಲ್ಕಾರು ವಾರಗಳು ಬೇಕು. ನಾವು ಕುದಿನೀರು ಹೊಯ್ದು ಅಷ್ಟಿಷ್ಟು ನೆಲೆಸಿದ್ದವುಗಳನ್ನೂ ಕೊಂದಿದ್ದೆವು! ಅಲ್ಲದೆ, ಪಾತ್ರೆಯ ತಳಕ್ಕೆ ಬಿಳಿಯ ಕರೆ ಕಟ್ಟುವ ನಮ್ಮ ಗಡುಸು ನೀರು ಕ್ಷಾರಗುಣದ್ದು. ಅಂಥ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಹೆಚ್ಚು.

ನಾಚಿಕೆಯಾದದ್ದು ಏತಕ್ಕೆಂದರೆ, ನಾವು ಬೇಸಾಯದ ಮನೆತನದವರು. ಹಸಿ ಗೊಬ್ಬರ ಹಾಕಿದರೆ ಪೈರು ಸುಟ್ಟುಹೋಗುವುದೆಂದು ಬಲ್ಲೆವು. ತಿಪ್ಪೆಯನ್ನು ತಿಂಗಳುಗಟ್ಟಲೆ ಕಳಿಯಬಿಡುತ್ತೇವೆ. ಅಲ್ಲಿ ಕೆಲಸ ಮಾಡುವವೂ ಇಂಥ ಸೂಕ್ಷ್ಮಾಣುಗಳೇ. ತಿಪ್ಪೆಗೆ ಕೊಟ್ಟ ಕಾಲವನ್ನು ನೀರಿಗೆ ಕೊಡಬೇಕೆಂದು ತೋಚಲಿಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು 1850ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗದಲ್ಲಿ, ಹೊಂಬಣ್ಣದ ಮೀನುಗಳ ಜೊತೆಗೆ ನೀರುಗಿಡವನ್ನಿಟ್ಟನು. ಎಲೆ ಕೊಳೆತು ನೀರು ಕೆಡಲು, ಬಸವನಹುಳುಗಳನ್ನು ಬಿಟ್ಟು ಸರಿಪಡಿಸಿದನು. ಪಂಡಿತನಿಗೂ ನೀರು ಒಮ್ಮೆ ಕೆಟ್ಟಿತ್ತೆಂಬುದು ನಮಗೆ ಸ್ವಲ್ಪ ಸಮಾಧಾನ.

ಎರಡನೆಯ ಸಲ ಗಾಳಿ ಊದುವ ಯಂತ್ರವನ್ನೂ ಸ್ಪಂಜಿನ ಸೋಸುಕವನ್ನೂ ಅಳವಡಿಸಿ, ಚೆನ್ನಾಗಿ ತೊಳೆದ ನೀರುಗಿಡಗಳನ್ನು ನೆಟ್ಟು, ಮೀನನ್ನು ಮಾತ್ರ ತರಲಿಲ್ಲ. ದಿನಕ್ಕೊಂದು ಚಿಟಿಕೆ ಆಹಾರವನ್ನು ಬರಿಯ ನೀರಿಗೆ ಹಾಕುತ್ತ ಬಂದೆವು. ಅದು ಕೊಳೆತರೆ ತಾನೆ ಸೂಕ್ಷ್ಮಾಣುಗಳಿಗೆ ಮೇವು! ಮೀನಿಲ್ಲದ ತೊಟ್ಟಿಗೆ ಊಟ ಬಡಿಸುವ ಮನೆಯೆಂದು ಬೀದಿಯಲ್ಲಿ ನಗೆಯಾಯಿತು. ಪರೀಕ್ಷೆಯ ದ್ರಾವಣದ ಹನಿಗಳಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಯಾಗಿ ಕಾಣುವಷ್ಟರಲ್ಲಿ ಆರನೆಯ ವಾರ. ಆ ಬಳಿಕ ನಾಲ್ಕು ಗಪ್ಪಿಗಳು ಬಂದವು. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುವ ಮೀನೇ ಇದು. ದಕ್ಷಿಣ ಅಮೆರಿಕದ್ದಾದರೂ ಗಡುಸು ನೀರಿಗೆ ಒಗ್ಗುತ್ತದೆ. ಹೊಂಬಣ್ಣದ ಮೀನಾದರೋ ಗೇಣುದ್ದಕ್ಕೂ ಮೀರಿ ಬೆಳೆಯುವಂಥದು. ಆರಕ್ಕೆ ಆ ತೊಟ್ಟಿ ಮೊದಲೇ ಸಾಲದಾಗಿತ್ತು. ಈಗ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಾಯಿಸಿ, ತೆಗೆದ ನೀರಿನಲ್ಲಿಯೇ ಸ್ಪಂಜನ್ನು ಹಿಂಡುತ್ತೇವೆ. ಆಹಾರದ ಡಬ್ಬಿ ಮಗಳ ವಶದಲ್ಲಿದೆ. ಚಿಟಿಕೆಗಿಂತ ಹೆಚ್ಚು ಬಿದ್ದರೆ ನಮ್ಮನ್ನೇ ಗದರುತ್ತಾಳೆ.

ಗಪ್ಪಿಗಳು ಮರಿಹಾಕಿ ಎಣಿಕೆ ತಪ್ಪಿದೆ. ಹೋದ ವಾರ ಮಳೆಗೆ ಕರೆಂಟು ಹೋಗಿ ಗಾಳಿಯ ಯಂತ್ರ ನಿಂತಿತು. ನಾವು ಕತ್ತಲಲ್ಲಿ ತಡವರಿಸಿ ಬರುವಷ್ಟರಲ್ಲಿ ನಮ್ಮ ತಾಯಿಯವರು ಜಗಲಿಯ ಮೇಲೆ ಕುಳಿತು, ಚೊಂಬಿನಿಂದ ತೊಟ್ಟಿಯ ನೀರನ್ನು ಮೊಗೆಮೊಗೆದು ಗೇಣೆತ್ತರದಿಂದ ಅದಕ್ಕೇ ಹೊಯ್ಯುತ್ತಿದ್ದರು. ಹೀಗೆ ಮಾಡಿದರೆ ನೀರಿಗೆ ಗಾಳಿ ಸೇರುವುದೆಂದು ಮೊಮ್ಮಗಳು ಹೇಳಿಕೊಟ್ಟಿದ್ದಳಂತೆ.